ಕಾರಣದ ಖಾನೆಯಲ್ಲಿ ನಾನು ಬರೆದದ್ದು

ಅವರ ಕೊರಳ ಕೆಳಗೆ, ಅಂಗಿಯ ಮೊದಲ ಗುಂಡಿ ಸದಾ ತೆರೆದಿರುತ್ತಿದ್ದ ಜಾಗದಲ್ಲಿ, ಮೂರು ಮೂಲೆಯ ಒಂದು ಕೆಂಗಂದು ಗುರುತಿತ್ತು. ಮೂವತ್ತು ವರ್ಷ ವೆಲ್ಡಿಂಗಿನ ಬೆಳಕು ಬಿದ್ದು ಬಿದ್ದು ಅಲ್ಲಿಯ ಚರ್ಮ ಹುರಿದ ಶೇಂಗಾದ ಸಿಪ್ಪೆಯಂತೆ ಸುಕ್ಕುಗಟ್ಟಿತ್ತು. ಬಲಗೈಯ ಮೇಲೆ, ಕೈಗವಸು ಮುಗಿಯುವ ಕಡೆಯಿಂದ ಮೊಣಕೈವರೆಗೆ, ಒಂದೇ ಒಂದು ಕೂದಲಿರಲಿಲ್ಲ. ಆದರೆ ಬೆರಳುಗಳು ಮಾತ್ರ ಅಕ್ಷರ ಬರೆಯುವವರ ಬೆರಳಿನ ಹಾಗೆ ಸಣ್ಣಗೆ, ನೆಟ್ಟಗೆ ಇದ್ದವು. ಚಹಾದ ಗ್ಲಾಸು ಹಿಡಿದರೆ ಅದರೊಳಗಿನ ಚಹಾ ಅಲುಗುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಔರಾದ್ ತಾಲೂಕಿನ ಒಂದು ಸಣ್ಣ ಹಳ್ಳಿಯ, ಕುರಿ ಸಾಕುವ ಮನೆತನದವರು. ಅವರು ಚಿಕ್ಕವರಿದ್ದಾಗ ಬಿದ್ದ ದೊಡ್ಡ ಬರದಲ್ಲಿ ತಂದೆಯ ಜೊತೆ ಮುಂಬೈಗೆ ಹೋಗಿ, ಹಡಗು ರಿಪೇರಿ ಮಾಡುವ ಕಡೆ ವೆಲ್ಡಿಂಗ್ ಕಲಿತು, ನಡುವಯಸ್ಸಿನಲ್ಲಿ ಬೀದರಿಗೆ ಮರಳಿದ್ದರು. ಜನವಾಡದಲ್ಲಿ ಒಂದು ಬಾಡಿಗೆ ಮನೆ ಮಾಡಿಕೊಂಡು ಹೆಂಡತಿಯೊಂದಿಗೆ ಇದ್ದರು. ಮಕ್ಕಳಿರಲಿಲ್ಲ. ಬೆಳಗಿನ ಬಸ್ಸಿಗೆ ಬಂದು, ಎಲ್ಲರಿಗಿಂತ ಮೊದಲು ತಮ್ಮ ಜಾಗ ಗುಡಿಸಿಕೊಂಡು, ಆಮೇಲೆ ಡಬ್ಬಿಯ ಮುಚ್ಚಳದಲ್ಲಿ ಚೂರು ರೊಟ್ಟಿ ಮುರಿದು ಗುಬ್ಬಿಗಳಿಗೆ ಹಾಕುತ್ತಿದ್ದರು.

ನಾನು ಬೀದರಿನ ಅಂಚಿನ ಚಿದ್ರಿಯವಳು. ಡಿಪ್ಲೊಮಾ ಮುಗಿಸಿ ಅಲ್ಲಿ ಗುಣಮಟ್ಟ ನೋಡುವ ಕೆಲಸಕ್ಕೆ ಸೇರಿದಾಗ ನೇಮಕದ ಪತ್ರವನ್ನು ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದ ನನ್ನ ಅಪ್ಪ ಬುದ್ಧನ ಪಟದ ಕೆಳಗಿಟ್ಟು ಎರಡು ದಿನ ತೆಗೆದಿರಲಿಲ್ಲ. ನಮ್ಮ ಕೇರಿಯಿಂದ ಅಂಥ ಕೆಲಸಕ್ಕೆ ಹೋದ ಮೊದಲ ಹೆಣ್ಣುಮಗಳು ನಾನು. ಕಾರ್ಖಾನೆಯ ಒಳಗೂ ನಾನೊಬ್ಬಳೇ. ಔಷಧಿ ಕಂಪನಿಗಳಿಗೆ ಬೇಕಾದ ಸ್ಟೇನ್‌ಲೆಸ್ ಸ್ಟೀಲಿನ ದೊಡ್ಡ ದೊಡ್ಡ ಟಾಕಿಗಳನ್ನು, ಅಂದರೆ ಟ್ಯಾಂಕುಗಳನ್ನು, ಅಲ್ಲಿ ಮಾಡುತ್ತಿದ್ದರು. ನನ್ನ ಮೊದಲ ವಾರ ಕೆಲಸಗಾರರು ನನ್ನ ಮುಂದೆ ಹಾದುಹೋಗುವಾಗ ಬೇಕೆಂದೇ ಸುತ್ತಿಗೆ ಕೆಳಗೆ ಹಾಕುತ್ತಿದ್ದರು, ನಾನು ಬೆಚ್ಚಲಿ ಎಂದು. ಉಸ್ತಾದರು ಯಾರನ್ನೂ ಗದರಲಿಲ್ಲ. ನನ್ನನ್ನು ಕರೆದು ತಮ್ಮ ಪಕ್ಕದ ಪೀಪಾಯಿಯ ಮೇಲೆ ಕೂಡಿಸಿ, ಕಪ್ಪು ಗಾಜಿನ ಒಂದು ಕವಚ ಕೈಗೆ ಕೊಟ್ಟರು. ಆಮೇಲೆ ಯಾರೂ ಸುತ್ತಿಗೆ ಕೆಡವಲಿಲ್ಲ.

"ಬಾಯಾರ, ಬೆಂಕಿ ನೋಡಬ್ಯಾಡ್ರಿ," ಎಂದಿದ್ದರು ಅಂದು; ಮೇಡಂ ಎನ್ನುವ ಕಡೆ ಅವರು ಬಾಯಾರ ಎನ್ನುತ್ತಿದ್ದರು. "ಬೆಂಕಿ ಹಿಂದ ಏನಾಗ್ತದ, ಅದು ನೋಡ್ರಿ."

ನೋಡಿದೆ. ಉರಿಯ ತುದಿಯಲ್ಲಿ ಕಡಲೆಕಾಳಿನಷ್ಟು ಕರಗಿದ ಲೋಹ ಹೊಳೆಯುತ್ತಿತ್ತು. ಉರಿ ಮುಂದೆ ಸರಿದಂತೆ ಅದರ ಬಾಲ ಮಂಕಾಗಿ, ಮೀನಿನ ಹುರುಪೆಯಂತೆ ಒಂದರ ಮೇಲೊಂದು ಗೆರೆ ಬಿಟ್ಟು ಗಟ್ಟಿಯಾಗುತ್ತಿತ್ತು. ಕವಚ ಇಳಿಸಿದ ಮೇಲೆ ಅವರು ಹೇಳಿದ ಮಾತನ್ನು ಈಗ ನಾನು ಪಾಲಿಟೆಕ್ನಿಕ್ಕಿನಲ್ಲಿ ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಪುಸ್ತಕದಲ್ಲಿ ಅದಕ್ಕೆ ನಾಲ್ಕು ಪುಟಗಳಿವೆ. ಅವರು ಹೇಳಿದ್ದು ಇಷ್ಟು:

"ನೀರಾಗಿದ್ದಾಗ ಸೀಳಂಗಿಲ್ಲ. ಪೂರಾ ಗಟ್ಟಿ ಆದ ಮ್ಯಾಲ ಸುಮ್ಮ ಸುಮ್ಮನ ಸೀಳಂಗಿಲ್ಲ. ನಡುವ ಒಂದ್ ಗಳಿಗಿ ಅದ ನೋಡ್ರಿ, ಆಗ ಅದು ಕುಗ್ತಿರ್ತದ. ಆ ಹೊತ್ತಿನ್ಯಾಗ ಒಳಗ ಹೊಲಸಿದ್ರ ಅದೊಂದೇ ಇನ್ನಾ ನೀರಾಗಿ ಉಳಿತದ. ಅಲ್ಲೇ ಬಾಯಿ ಬಿಡ್ತದ."

ಆ ಹೊಲಸನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕೆಲಸ ಶುರು ಮಾಡುವ ಮೊದಲು ಹಳೆಯ ಬಿಳಿ ಧೋತರದ ತುಂಡಿಗೆ ಅಸಿಟೋನ್ ಹಾಕಿ, ತಗಡನ್ನು ಒರೆಸುವರು. ಬಟ್ಟೆ ನೋಡುವರು. ಮತ್ತೆ ಒರೆಸುವರು. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಯಂತ್ರ ಚಾಲೂ ಮಾಡುತ್ತಿರಲಿಲ್ಲ. ಇನ್ನೊಂದು ರೂಢಿ, ಒಂದೊಂದು ಬೆಸುಗೆಯ ಗೆರೆ ಮುಗಿಸುವಾಗಿನದು. ಉರಿಯನ್ನು ತಟ್ಟನೆ ಎತ್ತಿದರೆ ಕೊನೆಯಲ್ಲಿ ಒಂದು ಸಣ್ಣ ಕುಳಿ ಉಳಿಯುತ್ತದೆ, ಬಿರುಕು ಹುಟ್ಟುವುದು ಹೆಚ್ಚಾಗಿ ಅಲ್ಲಿ. ಉಸ್ತಾದರು ಉರಿಯನ್ನು ಮೆಲ್ಲಗೆ ಇಳಿಸುತ್ತಾ, ಒಂದು ಹನಿ, ಇನ್ನೊಂದು ಹನಿ ಎಂದು ಕರಗುವ ಬೆಸುಗೆ ಕಡ್ಡಿ ಕೊಟ್ಟು ಆ ಕುಳಿ ತುಂಬಿದ ಮೇಲೆಯೇ ಕೈ ಎತ್ತುವರು. "ತಗ್ಗು ತುಂಬದ ಏಳಬಾರ್ದು" ಎನ್ನುವುದು ಅವರ ಮಾತು. ನಾನು ಅವರ ಜೊತೆಗಿದ್ದ ಒಂದೂವರೆ ವರ್ಷದಲ್ಲಿ ಅವರು ತುಂಬದೆ ಎದ್ದದ್ದನ್ನು ಒಮ್ಮೆಯೂ ನೋಡಲಿಲ್ಲ. ಈ ಮಾತನ್ನು ಇಲ್ಲಿ ಒತ್ತಿ ಹೇಳುತ್ತಿದ್ದೇನೆ, ಯಾಕೆಂದು ಮುಂದೆ ತಿಳಿಯುತ್ತದೆ.

ಎರಡು ವರ್ಷ ಮಳೆ ಕೈಕೊಟ್ಟ ಕಾಲ ಅದು. ಔರಾದ್ ಕಡೆಯಿಂದ ಬರುವ ಲಾರಿಗಳಲ್ಲಿ ಹಾಸಿಗೆ, ಕೊಡ, ಕೋಳಿಬುಟ್ಟಿಗಳ ನಡುವೆ ಮನೆಮಂದಿ ಕೂತಿರುತ್ತಿದ್ದರು. ಕೆಲವರು ಹೈದರಾಬಾದಿಗೆ, ಹೆಚ್ಚಿನವರು ಪುಣೆ ಕಡೆಗೆ. ಉಸ್ತಾದರ ತಮ್ಮ ಕುರಿ ಹೊಡೆದುಕೊಂಡು ಮಹಾರಾಷ್ಟ್ರದೊಳಗೆ ಹೋದವನು ಬಂದಿರಲಿಲ್ಲ. ಅವರ ಊರಿನಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ತಮ್ಮ ಕೈಗೆ ಬೀದರಿನಲ್ಲಿಯೇ ಕೆಲಸವಿದೆ, ಎರಡನೆಯ ಸಲ ಊರು ಬಿಡುವುದು ತಪ್ಪಿತು ಎಂದು ಅವರು ಆಗಾಗ ಹೇಳುತ್ತಿದ್ದರು.

ಟಾಕಿ ತಯಾರಾದ ಮೇಲೆ ಅದರಲ್ಲಿ ನೀರು ತುಂಬಿ, ಒತ್ತಡ ಕೊಟ್ಟು, ಎಲ್ಲಿಯಾದರೂ ಸೋರುತ್ತದೆಯೇ ಎಂದು ನೋಡುತ್ತಾರೆ. ಸ್ಟೇನ್‌ಲೆಸ್ಸಿಗೆ ಉಪ್ಪು ನೀರು ಆಗುವುದಿಲ್ಲ. ಒಳ್ಳೆಯ ನೀರನ್ನೇ ಟ್ಯಾಂಕರಿನಲ್ಲಿ ತರಿಸಬೇಕು. ಆ ಬೇಸಿಗೆಯಲ್ಲಿ ಒಂದು ಟಾಕಿಯ ಪರೀಕ್ಷೆ ಮುಗಿದಾಗ ಎಂದಿನಂತೆ ನೀರನ್ನು ಚರಂಡಿಗೆ ಬಿಡಲು ಮ್ಯಾನೇಜರ್ ಹೇಳಿದರು. ಟಾಕಿ ಸಂಜೆಯೊಳಗೆ ಲಾರಿ ಹತ್ತಬೇಕಿತ್ತು. ಉಸ್ತಾದರು ಹೋಗಿ ವಾಲ್ವಿನ ಮುಂದೆ ಕುಳಿತುಬಿಟ್ಟರು. ಊರು ಬಿಟ್ಟು ಬಂದು ಹೊರಗೆ ಶೆಡ್ಡುಗಳಲ್ಲಿರುವ ಹೆಣ್ಣುಮಕ್ಕಳು ಬಟ್ಟೆ ಒಗೆದು ಎಂಟು ದಿನವಾಗಿದೆ, ಪೈಪು ಹಚ್ಚಿ ಮೆಲ್ಲಗೆ ಬಿಡುತ್ತೇನೆ, ಹೋದ ಹೊತ್ತನ್ನು ನಾನು ದುಡಿದು ತುಂಬಿಕೊಡುತ್ತೇನೆ ಎಂದರು. ಮ್ಯಾನೇಜರ್ ಸಿಟ್ಟು ಮಾಡಿದರು, ಆಮೇಲೆ ಒಪ್ಪಿದರು. ಎರಡು ತಾಸು ಕೊಡಗಳ ಸಾಲು ನಿಂತಿತ್ತು. ಉಸ್ತಾದರು ಪೈಪಿನ ಬಾಯಿ ಹಿಡಿದುಕೊಂಡು, ಇದು ಕುಡಿಯಲಿಕ್ಕಲ್ಲ ಎಂದು ಬಂದ ಒಬ್ಬೊಬ್ಬರಿಗೂ ಹೇಳುತ್ತಿದ್ದರು. ಅಂದು ನಾನು ಮನೆಗೆ ಹೋಗಿ ಅಪ್ಪನಿಗೆ ಈ ಸಂಗತಿ ಹೇಳಿದ್ದೆ. ಅಂಥವರ ಕೈಕೆಳಗೆ ಕಲಿ ಎಂದಿದ್ದರು ಅಪ್ಪ.

ಅದಾದ ಎರಡನೆಯ ತಿಂಗಳು ಆ ಕೆಲಸ ಬಂತು. ಒಂದು ಔಷಧಿ ಕಂಪನಿಯ ಟಾಕಿಗೆ ಬಾಯಿಯ ಹತ್ತಿರ ಕೂರುವ ಆರು ದೊಡ್ಡ ಉಂಗುರಗಳು. ಉಂಗುರ ಸ್ಟೇನ್‌ಲೆಸ್ಸಿನದೇ, ಆದರೆ ಅಲ್ಲಿ ತಾಗುವ ಆಮ್ಲಕ್ಕೆ ಅದೂ ತಡೆಯುವುದಿಲ್ಲವೆಂದು ಮೇಲೆ ನಿಕಲ್ ಮಿಶ್ರಲೋಹದ ಒಂದು ಪದರು ಕೂಡಿಸಬೇಕು. ಬೆಸುಗೆಯ ಗೆರೆಯ ಪಕ್ಕಕ್ಕೆ ಗೆರೆ, ಸಗಣಿ ಸಾರಿಸಿದ ಹಾಗೆ ಒತ್ತೊತ್ತಾಗಿ. ನಿಕಲ್ ಕಡ್ಡಿಗಳು ಪರದೇಶದಿಂದ ಡಬ್ಬಿಯಲ್ಲಿ ಬಂದವು. ಬೀದರಿನಲ್ಲಿ ಆ ಕೆಲಸಕ್ಕೆ ಕಂಪನಿ ಕೊಟ್ಟ ಸರ್ಟಿಫಿಕೇಟ್ ಕಾರ್ಡು ಇದ್ದದ್ದು ಉಸ್ತಾದರೊಬ್ಬರಿಗೇ.

ನನ್ನ ಕೆಲಸ ಕಾಯಂ ಆಗಲು ಕೆಲವೇ ವಾರ ಬಾಕಿ. ಏನಾದರೂ ಅಚ್ಚುಕಟ್ಟಾಗಿ ಮಾಡಿ ತೋರಿಸಬೇಕೆಂಬ ಹುಮ್ಮಸ್ಸು. ಹಾರ್ಡ್‌ವೇರ್ ಅಂಗಡಿಯಿಂದ ಹಳದಿ ಮೇಣದ ಬಳಪ ತಂದು, ಒಂದೊಂದು ಉಂಗುರವನ್ನೂ ಹನ್ನೆರಡು ಭಾಗ ಮಾಡಿ, ಗೆರೆ ಎಳೆದು ನಂಬರು ಬರೆದೆ. ಯಾವ ಭಾಗಕ್ಕೆ ಎಷ್ಟು ಕರೆಂಟು, ಎಷ್ಟು ಹೊತ್ತು ಎಂದು ಬರೆದಿಟ್ಟುಕೊಳ್ಳಲು. ಉಸ್ತಾದರು ಎಂದಿನಂತೆ ಧೋತರದ ತುಂಡು ಹಿಡಿದು ಬಂದರು.

"ಬಾಯಾರ, ಇದು ಅಳಸ್ತೇನಿ. ಇದರ ಮ್ಯಾಲ ಕೂಡಿಸಬಾರ್ದರಿ."

ಅಳಿಸಿದರೆ ನನ್ನ ಲೆಕ್ಕವೆಲ್ಲ ಹೋಗುತ್ತದೆ, ಕಂಪನಿಯ ಇನ್ಸ್‌ಪೆಕ್ಟರ್ ಬಂದು ಕೇಳುತ್ತಾರೆ ಎಂದೆ. ಅದು ಮೇಣ, ಆ ಬೆಂಕಿಗೆ ಎಲ್ಲಿ ಉಳಿಯುತ್ತದೆ, ಸುಟ್ಟುಹೋಗುತ್ತದೆ ಎಂದೆ. ನಿಕಲ್ ಬಹಳ ನಾಜೂಕು, ಕಬ್ಬಿಣದ ಹಾಗಲ್ಲ ಎಂದು ಅವರು ಇನ್ನೊಮ್ಮೆ ಹೇಳಿದರು. ನಾನು ದನಿ ಸ್ವಲ್ಪ ಎತ್ತರಿಸಿ, ಇದನ್ನು ನೋಡಿಕೊಳ್ಳುವುದು ನನ್ನ ಕೆಲಸ, ನೀವು ಗೆರೆಗಳ ನಡುವೆ ಒರೆಸಿಕೊಳ್ಳಿರಿ, ಗೆರೆ ಮುಟ್ಟಬೇಡಿರಿ ಎಂದೆ. ಸುತ್ತ ನಾಲ್ಕು ಜನ ನಿಂತು ಕೇಳುತ್ತಿದ್ದರು. ಉಸ್ತಾದರು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು ಕೆಲಸಕ್ಕೆ ಕುಳಿತರು.

ಮೊದಲ ಎರಡು ಉಂಗುರ ಮುಗಿದ ಮೇಲೆ ಪರೀಕ್ಷೆ. ಕೆಂಪು ದ್ರವ ಬಳಿದು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸುತ್ತಾರೆ. ಎಲ್ಲಿಯಾದರೂ ಬಿರುಕಿದ್ದರೆ ಒಳಗೆ ಇಳಿದ ಕೆಂಪು ಬಿಳಿಯ ಮೇಲೆ ಎದ್ದು ಬರುತ್ತದೆ. ನಾವು ನೋಡುತ್ತ ನಿಂತಂತೆಯೇ ಕೂದಲೆಳೆಯಂಥ ಕೆಂಪು ಗೀಟುಗಳು ಒಂದೊಂದಾಗಿ ಎದ್ದವು. ಕಂಪನಿಯ ಇನ್ಸ್‌ಪೆಕ್ಟರ್ ಹೊರಗೆ ಹೋಗಿ ಫೋನು ಹಚ್ಚಿದರು. ಉಸ್ತಾದರು ಕೆಳಗೆ ಕುಳಿತು ಉಂಗುರದ ಸುತ್ತ ಒಂದು ಸುತ್ತು ನೋಡಿದರು. ಆಮೇಲೆ ನನಗೆ ಮಾತ್ರ ಕೇಳುವಂತೆ, "ಬಳಪದ ಗೆರಿ ಇದ್ದಲ್ಲೇ ಬಂದಾವ್ರಿ," ಎಂದರು.

ನನಗೆ ಅದು ಕೇಳಿಸಿತು. ಕೇಳಿಸಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದುಂಟು.

ಸಂಜೆಯೊಳಗೆ ವರದಿ ಬೇಕೆಂದರು ಮ್ಯಾನೇಜರ್. ಅಚ್ಚಾದ ಫಾರಂ ಅದು. ಎಷ್ಟು ಬಿರುಕು, ಎಲ್ಲೆಲ್ಲಿ, ಎಷ್ಟು ಉದ್ದ, ಎಲ್ಲ ತುಂಬಿದೆ. ಕೊನೆಗೆ 'ಕಾರಣ' ಎಂಬ ಖಾನೆ ಉಳಿಯಿತು. ಕೆಲಸದ ಪದ್ಧತಿ ತಪ್ಪು ಎಂದು ಬರೆದರೆ ಆ ಪದ್ಧತಿಯ ಕಾಗದದ ಮೇಲೆ ನನ್ನ ಸಹಿ ಇತ್ತು. ಬಳಪದ ವಿಷಯ ನನಗೆ ಖಾತ್ರಿ ಗೊತ್ತಿರಲಿಲ್ಲ, ಇದು ನಿಜ. ಆದರೆ ಕೇಳಬಹುದಿತ್ತು, ಹುಡುಕಬಹುದಿತ್ತು. ಹುಡುಕಿದರೆ ಏನು ಸಿಗುತ್ತದೋ ಎಂಬ ಹೆದರಿಕೆ ಇತ್ತು. ಇಂಗ್ಲಿಷಿನಲ್ಲಿ ಒಂದೂವರೆ ಸಾಲು ಬರೆದೆ: ವೆಲ್ಡರ್ ಬೆಸುಗೆಯ ಗೆರೆಗಳ ಕೊನೆಯಲ್ಲಿ ಕುಳಿ ತುಂಬದೆ ಬಿಟ್ಟಿದ್ದರಿಂದ ಬಿರುಕು ಬಂದಿದೆ.

ಮರುದಿನ ಮ್ಯಾನೇಜರ್ ತಮ್ಮ ಕೋಣೆಯಲ್ಲಿ ಅದನ್ನು ಕನ್ನಡ ಮಾಡಿ ಉಸ್ತಾದರಿಗೆ ಓದಿ ಹೇಳಿದರು. ಕಂಪನಿಯವರು ಕಾರ್ಡು ರದ್ದು ಮಾಡಿದ್ದಾರೆ, ನಾನೇನೂ ಮಾಡುವ ಹಾಗಿಲ್ಲ ಎಂದರು. ಉಸ್ತಾದರು ಅವರ ಕಡೆ ನೋಡಲಿಲ್ಲ.

"ನೀವು ಬರದೀರೇನ್ರಿ ಬಾಯಾರ?"

ಹೌದು ಎಂದೆ. ಅವರು, ತಾವು ಕೂಡಿಸಿದ ಪ್ರತಿ ಬೆಸುಗೆಯ ಪಕ್ಕ ಹೊಡೆಯುತ್ತಿದ್ದ ನಂಬರಿನ ಅಚ್ಚನ್ನು ಕಿಸೆಯಿಂದ ತೆಗೆದು ಮೇಜಿನ ಮೇಲಿಟ್ಟು ಹೊರಗೆ ಹೋದರು. ಅವತ್ತು ಮಧ್ಯಾಹ್ನದ ಬಸ್ಸಿಗೇ ಜನವಾಡಕ್ಕೆ ಹೋದರೆಂದು ಗೇಟಿನವನು ಹೇಳಿದ. ಬೀದರಿನ ಬೇರೆ ಕಾರ್ಖಾನೆಗಳೂ ಅದೇ ಕಂಪನಿಯ ಕೆಲಸ ಮಾಡುವವು. ಕಾರ್ಡು ಹೋದವರನ್ನು ಯಾರು ತೆಗೆದುಕೊಳ್ಳುತ್ತಾರೆ? ತಿಂಗಳೊಳಗೆ ಅವರು ಮನೆ ಖಾಲಿ ಮಾಡಿ ಪುಣೆಗೆ ಹೋದ ಸುದ್ದಿ ಬಂತು. ಅವರ ಹಳೆಯ ಫೋನ್ ನಂಬರು ಹತ್ತಲಿಲ್ಲ.

ಉಳಿದ ಕೆಲಸಕ್ಕೆ ಹೈದರಾಬಾದಿನಿಂದ ಒಬ್ಬರನ್ನು ಕರೆಸಿದರು. ಅವರು ಬಂದವರೇ ಉಂಗುರ ನೋಡಿ, ಈ ಬಳಪ ಯಾರು ಗೀಚಿದ್ದು ಎಂದು ಕೇಳಿ, ಪೂರಾ ತೊಳೆಸುವವರೆಗೆ ಯಂತ್ರ ಮುಟ್ಟಲಿಲ್ಲ. ಒಂದು ಬಿರುಕೂ ಬರಲಿಲ್ಲ. ಅಂದು ನನ್ನ ಮೇಜಿನ ಖಾನೆ ತೆಗೆದು, ನಿಕಲ್ ಕಡ್ಡಿಯ ಡಬ್ಬಿಯ ಜೊತೆ ಬಂದಿದ್ದ ಮಡಚಿದ ಕಾಗದ ಬಿಡಿಸಿದೆ. ಬೆಸುಗೆಗೆ ಮೊದಲು ಎಣ್ಣೆ, ಬಣ್ಣ, ಗುರುತಿನ ಬಳಪ ಎಲ್ಲವನ್ನೂ ತೆಗೆಯಬೇಕು, ಅವುಗಳಲ್ಲಿ ಗಂಧಕವಿರುತ್ತದೆ, ಗಂಧಕ ಸೇರಿದರೆ ನಿಕಲ್ ಗಟ್ಟಿಯಾಗುವಾಗ ಬಿರಿಯುತ್ತದೆ ಎಂದು ದಪ್ಪ ಅಕ್ಷರದಲ್ಲಿತ್ತು. ಆ ಕಾಗದ ಮೊದಲ ದಿನದಿಂದ ನನ್ನ ಹತ್ತಿರವೇ ಇತ್ತು. ನಾನು ಅದನ್ನು ಮತ್ತೆ ಮಡಚಿ ಅಲ್ಲಿಯೇ ಇಟ್ಟೆ. ಅದೇ ವಾರ ನನ್ನ ಕೆಲಸ ಕಾಯಂ ಆಯಿತು. ಅಮ್ಮ ಹೋಳಿಗೆ ಮಾಡಿದಳು. ಉಸ್ತಾದರನ್ನು ಊಟಕ್ಕೆ ಕರೆ ಎಂದರು ಅಪ್ಪ. ಅವರು ಕೆಲಸ ಬಿಟ್ಟುಹೋದರು ಎಂದೆ.

ಎರಡು ವರ್ಷ ಬಾಯಿ ಬಿಡಲಿಲ್ಲ.

ಆಮೇಲೆ ಒಮ್ಮೆ ಸಂಬಂಧಿಕರ ಮನೆಯ ಬಸುರಿಯ ಕುಪ್ಪಸದ ಕಾರ್ಯಕ್ಕೆಂದು ಭಾಲ್ಕಿಗೆ ಹೋಗಿದ್ದೆ. ವಾಪಸು ಬರಲು ಸ್ಟೇಷನ್ನಿಗೆ ಬಂದರೆ ಆಚೆ ಕಡೆಯ ಗಾಡಿಗೆ ಕಾಯುತ್ತ ಗಂಟುಮೂಟೆಯ ಜನ ತುಂಬಿದ್ದರು. ಅವರ ನಡುವೆ ಉಸ್ತಾದರು. ಸೊರಗಿಹೋಗಿದ್ದರು. ನಾನು ಮಾಡಿದ ಮೊದಲ ಕೆಲಸವೆಂದರೆ ಚಹಾದಂಗಡಿಯ ಹಿಂದೆ ಸರಿದು ನಿಂತದ್ದು. ಆದರೆ ಅವರ ಹೆಂಡತಿ ನೋಡಿಬಿಟ್ಟಿದ್ದರು. ಜನವಾಡದ ಮನೆಗೆ ನಾನೊಮ್ಮೆ ಹೋಗಿದ್ದೆ, ಆಮೇಲೆ ಹಬ್ಬಕ್ಕೊಮ್ಮೆ ಅವರು ನನಗೆಂದು ಉಸ್ತಾದರ ಡಬ್ಬಿಯಲ್ಲಿ ಎಳ್ಳಿನ ಹೋಳಿಗೆ ಕಳಿಸುತ್ತಿದ್ದರು. ಬಂದು ಕೈ ಹಿಡಿದರು. ಖಟಕ ಚಿಂಚೋಳಿಯಲ್ಲಿ ತಮ್ಮ ತವರಿನ ಕಾರ್ಯ ಮುಗಿಸಿ ಪುಣೆಗೆ ಹೊರಟಿದ್ದೇವೆ, ಅಲ್ಲಿ ಒಂದು ಕಟ್ಟಡದ ಸೈಟಿನಲ್ಲಿ ತಗಡಿನ ಶೆಡ್ಡು ಕೊಟ್ಟಿದ್ದಾರೆ, ಇವರು ಕಿಟಕಿಯ ಸರಳು ಜೋಡಿಸುತ್ತಾರೆ ಎಂದರು. ಆಮೇಲೆ ಕೇಳಿದರು:

"ನೀರಿಲ್ಲಂತ ಕಾರ್ಖಾನಿ ಬಂದ್ ಮಾಡಿದ್ರಲ್ರಿ, ಈಗರೆ ಚಾಲೂ ಆಗ್ಯಾದೇನ್ರಿ ಬಾಯಾರ?"

ಹಿಂದೆ ಬಂದು ನಿಂತಿದ್ದ ಉಸ್ತಾದರೇ, "ಇನ್ನಾ ಆಗಿಲ್ಲ," ಎಂದು ಹೆಂಡತಿಗೆ ಹೇಳಿ, ಬಾಟಲಿ ತುಂಬಿಕೊಂಡು ಬರುತ್ತೇನೆಂದು ನಲ್ಲಿಯ ಕಡೆ ನಡೆದರು. ನಾನೂ ಹೋದೆ. ಅಲ್ಲಿ ಹೇಳಿದೆ, ಬಳಪದಿಂದಲೇ ಆದದ್ದು, ನನಗೆ ಆಮೇಲೆ ತಿಳಿಯಿತು, ತಿಳಿದೂ ಸುಮ್ಮನಿದ್ದೆ ಎಂದು. ಹೇಳುತ್ತಾ ಅಳು ಬಂತು. ಅವರು ನಲ್ಲಿ ನಿಲ್ಲಿಸಿದರು.

"ಅಳಬ್ಯಾಡ್ರಿ, ಮಂದಿ ನೋಡ್ತಾರ. ಅದು ನನಗ ಅವತ್ತೇ ಗೊತ್ತದ. ತಗ್ಗು ತುಂಬಿಲ್ಲಂತ ಬರದ್ರಲ್ಲ, ಅದೊಂದ್ ನನ್ನ ಮನಸ್ಸಿಗಿ ಹತ್ತೇದರಿ." ಬಾಟಲಿಯ ಮುಚ್ಚಳ ತಿರುವಿದರು. "ಹ್ಯಾಂಗ ಅದು ಬರದಿದ್ರಿ ಹಂಗೇ ಇದೂ ಬರೀರಿ. ಕಾಗದದ ಮ್ಯಾಲ. ಸಹಿ ಮಾಡಿ."

ಬರೆಯುತ್ತೇನೆ ಎಂದೆ. ಗಾಡಿ ಬಂತು. ಅವರು ಹೆಂಡತಿಯನ್ನು ಮೊದಲು ಹತ್ತಿಸಿ, ಗಂಟು ಎತ್ತಿಕೊಟ್ಟು, ತಾವು ಬಾಗಿಲಲ್ಲೇ ನಿಂತರು. ಎತ್ತುವಾಗ ಕೈ ನಡುಗುತ್ತಿತ್ತು.

ಮರುದಿನವೇ ಬರೆದೆ ಎಂದು ಹೇಳಲು ನನಗೆ ಆಸೆ. ಆದರೆ ಬರೆಯಲಿಲ್ಲ. ಈ ವಾರ, ಮುಂದಿನ ವಾರ ಎನ್ನುತ್ತ ಒಂದು ಮಳೆಗಾಲ ಪೂರ್ತಿ ಕಳೆಯಿತು. ಆ ವರ್ಷ ಮಳೆ ಬಂದಿತ್ತು. ಹೋದ ಮನೆಗಳ ಕೆಲವರು ತಿರುಗಿ ಬಂದರು. ಔರಾದಿನ ಬಸ್ಸುಗಳನ್ನು ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಕೊನೆಗೆ ಅಪ್ಪನ ಮುಂದೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಪೆನ್ನು ತಂದು ಮುಂದಿಟ್ಟರು. ಮ್ಯಾನೇಜರ್ ಮುಗಿದ ವಿಷಯ ಕೆದಕಬೇಡ ಎಂದರು. ನಾನು ಕಂಪನಿಗೆ ನೇರ ಕಳಿಸಿದೆ, ಅದೇ ಫಾರಂ, ಅದೇ ಖಾನೆ: ಬಿರುಕಿಗೆ ಕಾರಣ ನಾನು ಹಾಕಿದ ಬಳಪದ ಗುರುತು. ವೆಲ್ಡರ್ ಅದನ್ನು ಅಳಿಸಬೇಕೆಂದು ಹೇಳಿದ್ದರು, ನಾನು ತಡೆದೆ. ಅವರು ಪ್ರತಿ ಕುಳಿಯನ್ನೂ ತುಂಬಿದ್ದರು. ನನ್ನನ್ನು ಉಗ್ರಾಣಕ್ಕೆ ಹಾಕಿದರು, ಆಮೇಲೆ ನಾನೇ ಆ ಕೆಲಸ ಬಿಟ್ಟೆ. ಆದರೆ ಕಂಪನಿಯಿಂದ ಉತ್ತರ ಬಂತು. ಕಾರ್ಡು ಮತ್ತೆ ಊರ್ಜಿತವಾಗಿದೆ ಎಂದು ಒಂದು ಹಾಳೆ, ಕೆಳಗೆ ಮೊಹರು.

ಉಸ್ತಾದರು ಊರಿಗೆ ಬಂದಿದ್ದಾರೆಂದು ಯಾರೋ ಹೇಳಿದ್ದರು. ಹಾಳೆ ತೆಗೆದುಕೊಂಡು ಔರಾದಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅವರ ಹಳ್ಳಿಗೆ ಹೋದೆ. ಬಾಗಿಲಲ್ಲಿ ಅವರ ಹೆಂಡತಿ ತೊಗರಿ ಹಸನು ಮಾಡುತ್ತ ಕುಳಿತಿದ್ದರು. ಮುಖ ಎತ್ತಿದರು. ಹಣೆ ಬರಿದಾಗಿತ್ತು.

ಎರಡು ತಿಂಗಳಾಯಿತಂತೆ. ಸೈಟಿನಲ್ಲಿ, ಊಟದ ಹೊತ್ತಿಗೆ, ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ. ಊರಿಗೆ ಬಂದದ್ದು ನಿಜ, ಹೆಣವಾಗಿ ಬಂದದ್ದು. ನಾನು ಭಾಲ್ಕಿಯಿಂದ ಬಂದ ಮರುದಿನ ಬರೆದಿದ್ದರೆ ಈ ಹಾಳೆ ಅವರ ಕೈ ಸೇರಲು ಬೇಕಾದಷ್ಟು ಸಮಯವಿತ್ತು. ಅಲ್ಲಿಯೇ ಕುಳಿತು ತಿಂಗಳು ಎಣಿಸಿದೆ.

ಅವರ ಹೆಂಡತಿ ನೀರು ಕೊಟ್ಟರು. ನನ್ನ ಕೈಯಲ್ಲಿದ್ದುದನ್ನು ನೋಡಿ ಏನದು ಎಂದರು. ಉಸ್ತಾದರದು ಎಂದೆ. ಓದಿ ಹೇಳಿರಿ ಎಂದರು. ಓದಿ, ಒಂದೊಂದು ಸಾಲಿಗೂ ಕನ್ನಡ ಹೇಳಿದೆ. ಇವರ ಕೆಲಸದಲ್ಲಿ ದೋಷವಿರಲಿಲ್ಲ. ಮೊದಲು ಬಂದ ವರದಿ ತಪ್ಪು. ಆ ವರದಿಯ ಮೇಲೆ ಇವರನ್ನು ತೆಗೆದದ್ದೂ ತಪ್ಪು. ಅವರು ತೊಗರಿಯಲ್ಲಿ ಬೆರಳಾಡಿಸುತ್ತ ಕೇಳುತ್ತಿದ್ದವರು ನಿಲ್ಲಿಸಿದರು.

"ಕಾರ್ಖಾನಿ ಬಂದ್ ಆಗಿದ್ದಿಲ್ಲೇನ್ರಿ?"

ಇಲ್ಲ ಎಂದೆ.

"ನನಗ ಒಂದ್ ಮಾತೂ ಹೇಳಿಲ್ ನೋಡ್ರಿ ಅವರು." ಆಮೇಲೆ ನನ್ನ ಕಡೆ ತಿರುಗಿ, "ಮೊದಲಿಂದು ಬರದವರು ಯಾರ್ರಿ?" ಎಂದು ಕೇಳಿದರು.

ನಾನು, ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟೋ ದುಃಖವೋ ನನಗೆ ತಿಳಿಯಲಿಲ್ಲ. ಮೊರ ಬದಿಗಿಟ್ಟು ಎದ್ದು, ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಒಳಗೆ ಹೋದರು. ನಾನು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದೆ. ಬಸ್ಸಿನ ಹೊತ್ತಾಯಿತು. ಎದ್ದು ಬಾಗಿಲ ಹತ್ತಿರ ಹೋಗಿ, ಬರ್ತೇನಿ ಎಂದೆ. ಹೋಗಿ ಬರ್ರಿ ಎಂಬ ಮಾತು ಒಳಗಿನಿಂದ ಬರಲಿಲ್ಲ.